ಸಾಂಕ್ರಾಮಿಕದ ದಿನಗಳೂ ಕ್ರೈಸ್ತ ನಿರೀಕ್ಷೆಯೂ

ಸಂಘದ ವಾರ್ಷಿಕ ಸಂಚಿಕೆಯಲ್ಲಿ ಆರೋಗ್ಯಕ್ಕೆಂದು ಕೆಲವು ಪುಟಗಳನ್ನು ಮೀಸಲಿಡುವುದು ಒಳ್ಳೆಯ ಸಂಪ್ರದಾಯ. ಮಧುಮೇಹ, ರಕ್ತದೊತ್ತಡ, ಹೃದ್ರೋಗ, ಮೊಣಕಾಲು ನೋವು ಮೊದಲಾದವುಗಳನ್ನು ಕುರಿತು ವೈದ್ಯಬಂಧುಗಳು ಬರೆಯುತ್ತಾರೆ. ನಾವು ಶ್ರದ್ಧೆಯಿಂದ ಓದುತ್ತೇವೆ. ಎರಡು ದಿನ ಸಕ್ಕರೆ ಬಿಡುತ್ತೇವೆ. ನಾನು ವೈದ್ಯನಲ್ಲ. ಆದರೂ ಈ ಪುಟಗಳಲ್ಲಿ ಸ್ವಲ್ಪ ಜಾಗ ಕೇಳಲು ಕಾರಣವುಂಟು. ರೋಗವೆಂಬುದು ಶರೀರವೊಂದನ್ನೇ ಹಿಡಿಯುವುದಲ್ಲ. ಮನುಷ್ಯನು ಯಾವುದನ್ನು ನೆಚ್ಚಿ ಬದುಕಿರುತ್ತಾನೋ ಆ ನೆಚ್ಚಿಕೆಯನ್ನೂ ಹಿಡಿದು ಅಲುಗಿಸುತ್ತದೆ. 2020ರ ಮಾರ್ಚ್ ತಿಂಗಳಿನಿಂದ ಎರಡು ವರ್ಷಗಳ ಕಾಲ ಈ ಮುಂಬಯಿಯಲ್ಲಿ ನಾವೆಲ್ಲರೂ ಅದನ್ನು ಕಂಡಿದ್ದೇವೆ. ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಕೋವಿಡ್ ತುರ್ತುಸ್ಥಿತಿ ಕೊನೆಗೊಂಡಿತೆಂದು ಸಾರಿತು. ಸರಕಾರದ ಲೆಕ್ಕದಂತೆಯೇ ನಮ್ಮ ದೇಶದಲ್ಲಿ 5 ಲಕ್ಷ 30 ಸಾವಿರಕ್ಕಿಂತ ಹೆಚ್ಚು ಜನ ಈ ರೋಗದಿಂದ ತೀರಿಕೊಂಡರು. ನಿಜವಾದ ಸಂಖ್ಯೆ ಇದಕ್ಕಿಂತ ಬಹಳ ದೊಡ್ಡದೆಂದು ಹೇಳುವವರೂ ಇದ್ದಾರೆ. ತುರ್ತುಸ್ಥಿತಿ ಮುಗಿದರೂ, ಆ ದಿನಗಳಲ್ಲಿ ಮನೆಮನೆಯಲ್ಲಿ ಎದ್ದ ಪ್ರಶ್ನೆ ಮುಗಿದಂತಿಲ್ಲ. ದೇವರು ಆಗ ಎಲ್ಲಿದ್ದನು? ಕ್ರೈಸ್ತನಾದ ನಾನು ನನ್ನ ಮತದ ನೆಲೆಯಲ್ಲಿ ನಿಂತು ಈ ಪ್ರಶ್ನೆಯ ಬಗೆಗೆ ನಾಲ್ಕು ಮಾತು ಹೇಳಬಯಸುತ್ತೇನೆ. ಅನ್ಯಮತೀಯ ವಾಚಕರು ಇದನ್ನು ಉಪದೇಶವೆಂದು ಭಾವಿಸದೆ, ನೆರೆಮನೆಯವನ ಮಾತೆಂದು ಓದಿದರೆ ಸಾಕು.

ಮೊದಲು ಒಂದು ಶಬ್ದದ ವಿಚಾರ. ಕನ್ನಡ ಬೈಬಲಿನಲ್ಲಿ ನಂಬಿಕೆ ಮತ್ತು ಪ್ರೀತಿಗಳ ಜೊತೆಗೆ ಎಣಿಸಲ್ಪಟ್ಟ ಮೂರನೆಯ ಗುಣಕ್ಕೆ ಭಾಷಾಂತರಕಾರರು ‘ಆಶೆ’ ಎನ್ನದೆ ‘ನಿರೀಕ್ಷೆ’ ಎಂಬ ಶಬ್ದವನ್ನು ಆರಿಸಿದರು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ಅವರ ಕನ್ನಡ ಪಂಡಿತರು ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಪ್ರಾರಂಭಿಸಿದ ಭಾಷಾಂತರ ಕಾರ್ಯವು ಹಲವು ಕೈಗಳಲ್ಲಿ ತಿದ್ದುಪಡಿ ಹೊಂದಿ ನಮ್ಮವರೆಗೆ ಬಂದಿದೆ. ಈ ಆಯ್ಕೆ ಯಾರದೇ ಆಗಲಿ, ಅದು ಉಚಿತವಾದ ಆಯ್ಕೆ. ಆಶೆಗೆ ಒಂದು ವಸ್ತು ಬೇಕು. ಆ ವಸ್ತು ಸಿಗದಿದ್ದರೆ ಆಶೆ ಭಂಗವಾಗುತ್ತದೆ. ನಿರೀಕ್ಷೆಯಲ್ಲಿ ದಾರಿ ನೋಡುವ ಅರ್ಥವಿದೆ. ಹೊತ್ತು ಮೀರಿದರೂ ಬಾಗಿಲಿಗೆ ಅಗುಳಿ ಹಾಕದೆ ಕುಳಿತಿರುವ ತಾಯಿಯ ಅರ್ಥವಿದೆ. ರೋಗದ ಕಾಲದಲ್ಲಿ ನಮ್ಮ ಜನ ಈ ಎರಡನ್ನೂ ಒಂದೇ ಎಂದು ತಿಳಿದದ್ದರಿಂದ ಅನೇಕರ ವಿಶ್ವಾಸ ಮುರಿದುಬಿತ್ತೆಂದು ನನ್ನ ಎಣಿಕೆ.

ಅದು ಹೇಗೆಂಬುದನ್ನು ಸ್ವಲ್ಪ ವಿವರಿಸಬೇಕು. ಕೀರ್ತನೆಗಳ ಗ್ರಂಥದಲ್ಲಿ 91ನೆಯ ಕೀರ್ತನೆ ಎಂಬುದೊಂದಿದೆ. ದೇವರ ಮರೆಹೊಕ್ಕವನ ಬಳಿಗೆ ವ್ಯಾಧಿ ಸುಳಿಯದೆಂಬ ಭರವಸೆಯ ಹಾಡು ಅದು. 2020ರಲ್ಲಿ ಮೊಬೈಲಿನಿಂದ ಮೊಬೈಲಿಗೆ ಇದು ಹರಿದಷ್ಟು ಬೇರೆ ಯಾವ ವಾಕ್ಯವೂ ಹರಿದಿರಲಾರದು. ಬಾಗಿಲಿಗೆ ಅಂಟಿಸಿದವರಿದ್ದರು, ದಿಂಬಿನ ಕೆಳಗೆ ಇಟ್ಟುಕೊಂಡವರಿದ್ದರು. ಭಯದಲ್ಲಿರುವವನು ಹಾಡನ್ನು ಅಪ್ಪಿಕೊಂಡರೆ ತಪ್ಪೇನೂ ಇಲ್ಲ. ಆದರೆ ಕೆಲವು ಬೋಧಕರು ಇದನ್ನು ವಿಮಾ ಪತ್ರದಂತೆ ಹಂಚಿದರು: ವಿಶ್ವಾಸವಿದ್ದರೆ ರೋಗ ಬಾರದು, ಬಂದರೆ ವಿಶ್ವಾಸವಿರಲಿಲ್ಲವೆಂದೇ ತಿಳಿಯಿರಿ ಎಂದರು. ಈ ತರ್ಕದ ಕ್ರೌರ್ಯವನ್ನು ನೋಡಿ. ತಂದೆಯನ್ನು ಕಳೆದುಕೊಂಡ ಮಗಳಿಗೆ ಶೋಕದ ಜೊತೆಗೆ ಅಪರಾಧವನ್ನೂ ಹೊರಿಸುವ ತರ್ಕವಿದು. ದಕ್ಷಿಣ ಕೊರಿಯದಲ್ಲಿ ಸಿಯೋಲಿನ ಸಮೀಪದ ಒಂದು ಸಭೆಯಲ್ಲಿ 2020ರ ಮಾರ್ಚಿಯಲ್ಲಿ, ರೋಗ ತಡೆಯುತ್ತದೆಂಬ ನಂಬಿಕೆಯಿಂದ ಬಂದವರೆಲ್ಲರ ಬಾಯಿಗೂ ಒಂದೇ ಸೀಸೆಯಿಂದ ಉಪ್ಪುನೀರು ಚಿಮುಕಿಸಿದರು. ಆ ಸೀಸೆಯ ಮೂತಿಯನ್ನು ಒರೆಸಲಿಲ್ಲ. ಹತ್ತಾರು ಮಂದಿ ರೋಗಕ್ಕೆ ತುತ್ತಾದರು.

ಇಂಥ ಬೋಧಕರು ಸುವಾರ್ತೆಯ ಒಂದು ಪ್ರಸಂಗವನ್ನು ಮರೆತಿದ್ದಾರೆ. ಮತ್ತಾಯನ ನಾಲ್ಕನೆಯ ಅಧ್ಯಾಯದಲ್ಲಿ ಸೈತಾನನು ಯೇಸುವನ್ನು ದೇವಾಲಯದ ಶಿಖರದ ಮೇಲೆ ನಿಲ್ಲಿಸಿ ಕೆಳಗೆ ಧುಮುಕೆನ್ನುತ್ತಾನೆ. ದೂತರು ಹಿಡಿದುಕೊಳ್ಳುವರಲ್ಲವೆ ಎಂದು ಶಾಸ್ತ್ರವನ್ನು ಆಧಾರವಾಗಿ ತೋರಿಸುತ್ತಾನೆ. ಅವನು ತೋರಿಸಿದ ಶಾಸ್ತ್ರ ಯಾವುದು? ಇದೇ 91ನೆಯ ಕೀರ್ತನೆ! ಯೇಸುವು ಆ ಕೀರ್ತನೆಯನ್ನು ಸುಳ್ಳೆನ್ನಲಿಲ್ಲ. ದೇವರನ್ನು ಪರೀಕ್ಷೆಗೆ ಒಡ್ಡಲಾರೆನೆಂದನು. ಅದೇ ಯೇಸು ಮುಂದೆ ಶಿಲುಬೆಯ ಮೇಲೆ ನೋವಿನಿಂದ ಸತ್ತನು. ಯಾವ ದೂತನೂ ಬಂದು ಹಿಡಿದುಕೊಳ್ಳಲಿಲ್ಲ. ಮತದ ಕೇಂದ್ರದಲ್ಲಿ ಶಿಲುಬೆಯನ್ನು ಇಟ್ಟುಕೊಂಡವರು ‘ನಮಗೆ ಏನೂ ಆಗದು’ ಎಂದು ಹೇಳಿಕೊಂಡು ತಿರುಗುವುದು ನನಗಂತೂ ಅರ್ಥವಾಗದ ಸಂಗತಿ.

ಈ ಗೊಂದಲ ಹೊಸದಲ್ಲ. ಕ್ರಿ.ಶ. 250ರ ಸುಮಾರಿನಿಂದ ರೋಮನ್ ಸಾಮ್ರಾಜ್ಯದಲ್ಲಿ ಘೋರವಾದ ಮಹಾಮಾರಿಯೊಂದು ವರ್ಷಗಟ್ಟಲೆ ಹಬ್ಬಿತು. ಉತ್ತರ ಆಫ್ರಿಕದ ಕಾರ್ಥೇಜ್ ನಗರದ ಸಭಾಧ್ಯಕ್ಷ ಸಿಪ್ರಿಯನ್ ಆ ಕಾಲದಲ್ಲಿ ಮರಣವನ್ನು ಕುರಿತು ಒಂದು ಪ್ರಬಂಧ ಬರೆದನು. ಅನ್ಯರಂತೆ ನಮ್ಮವರೂ ಸಾಯುತ್ತಿದ್ದಾರಲ್ಲ, ಹಾಗಾದರೆ ನಾವು ಕ್ರೈಸ್ತರಾದದ್ದರಿಂದ ಬಂದ ಲಾಭವೇನು ಎಂದು ಅವನ ಸಭೆಯಲ್ಲಿಯೂ ಕೆಲವರು ಗೊಣಗಿದ್ದರು. ಅದಕ್ಕೆ ಅವನ ಉತ್ತರದ ಸಾರ ಇಷ್ಟೆ: ಈ ಲೋಕದಲ್ಲಿರುವಷ್ಟು ದಿನ ನಮ್ಮ ಮಾಂಸವೂ ಅವರ ಮಾಂಸವೂ ಒಂದೇ, ಬರ ಬಂದರೆ ಎಲ್ಲರಿಗೂ ಬರ, ಹಡಗು ಒಡೆದರೆ ಎಲ್ಲರಿಗೂ ಮುಳುಗು. ಅದೇ ಕಾಲದ ಅಲೆಕ್ಸಾಂಡ್ರಿಯದ ದಿಯೊನಿಸಿಯಸ್ ಎಂಬ ಸಭಾಧ್ಯಕ್ಷನು ತನ್ನ ಪುನರುತ್ಥಾನದ ಹಬ್ಬದ ಪತ್ರದಲ್ಲಿ, ರೋಗಿಗಳಿಗೆ ಶುಶ್ರೂಷೆ ಮಾಡುತ್ತ ಮಾಡುತ್ತ ಸಭೆಯ ಉತ್ತಮರೇ ಮಡಿದರೆಂದು ತಿಳಿಸಿದ್ದಾನೆ. ಇದು ಕ್ರೈಸ್ತರು ಕ್ರೈಸ್ತರನ್ನು ಕುರಿತು ಬರೆದ ವೃತ್ತಾಂತವಾದುದರಿಂದ ಸ್ವಲ್ಪ ಮುರಿದುಕೊಂಡೇ ಓದಬೇಕು. ಆದರೆ ಸುಮಾರು ನೂರು ವರ್ಷಗಳ ಮೇಲೆ, ಕ್ರೈಸ್ತರನ್ನು ಕಂಡರಾಗದ ಚಕ್ರವರ್ತಿ ಜೂಲಿಯನ್ ಸಹ, ಈ ಗಲಿಲಾಯದವರು ತಮ್ಮ ಬಡವರನ್ನಷ್ಟೇ ಅಲ್ಲದೆ ನಮ್ಮ ಬಡವರನ್ನೂ ಸಾಕುತ್ತಿದ್ದಾರೆಂದು ತನ್ನ ಪುರೋಹಿತರ ಮೇಲೆ ಸಿಡುಕಿದ್ದನು. ವಿರೋಧಿಯ ಸಿಡುಕಿಗಿಂತ ಒಳ್ಳೆಯ ಸಾಕ್ಷಿ ಯಾವುದುಂಟು?

ಆದುದರಿಂದ ಆದಿಸಭೆಯವರಿಗೆ ನಿರೀಕ್ಷೆಯೆಂದರೆ ಸಾವಿನಿಂದ ವಿನಾಯಿತಿಯಾಗಿರಲಿಲ್ಲ. ಸಾಯುವವನ ಬಳಿ ಕುಳಿತುಕೊಳ್ಳಲು ಬೇಕಾದ ಧೈರ್ಯವಾಗಿತ್ತು.

ಇಲ್ಲಿ ಮಾರ್ಟಿನ್ ಲೂಥರನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯ. ಏಕೆಂದರೆ ಧೈರ್ಯ ಮತ್ತು ಹುಂಬತನಗಳ ನಡುವಿನ ಗೆರೆಯನ್ನು ಅವನಷ್ಟು ಸ್ಪಷ್ಟವಾಗಿ ಎಳೆದವರು ಕಡಮೆ. 1527ರ ಆಗಸ್ಟ್ ತಿಂಗಳಿನಲ್ಲಿ ವಿಟೆನ್‌ಬರ್ಗ್ ನಗರಕ್ಕೆ ಪ್ಲೇಗು ಬಂದಿತು. ವಿಶ್ವವಿದ್ಯಾಲಯವನ್ನು ಯೇನಾ ನಗರಕ್ಕೆ ಸಾಗಿಸಿದರು. ಲೂಥರನೂ ಹೊರಡಬೇಕೆಂದು ಸಾಕ್ಸನಿಯ ಅರಸನ ಅಪ್ಪಣೆಯಾಗಿತ್ತು. ಅವನು ಹೊರಡಲಿಲ್ಲ. ಅವನ ಪತ್ನಿ ಕಾಥರೀನಾ ಆಗ ಗರ್ಭಿಣಿ. ಮನೆಯೇ ಒಂದು ಆಸ್ಪತ್ರೆಯಂತಾಗಿತ್ತು. ಮಾರಿ ಬಂದಾಗ ಕ್ರೈಸ್ತನು ಊರು ಬಿಟ್ಟು ಓಡಬಹುದೇ ಎಂದು ಬ್ರೆಸ್ಲಾವಿನ ಬೋಧಕ ಯೋಹಾನ್ ಹೆಸ್ ಕೇಳಿದ್ದ ಪ್ರಶ್ನೆಗೆ ಅವನು ಆ ಕಾಲದಲ್ಲಿಯೇ ಬಹಿರಂಗ ಪತ್ರದ ರೂಪದಲ್ಲಿ ಉತ್ತರ ಬರೆದನು.

ಆ ಉತ್ತರದಲ್ಲಿ ಆವೇಶವಿಲ್ಲ, ಲೌಕಿಕ ವಿವೇಕವಿದೆ. ಸಭಾಪಾಲಕರು, ನಗರಾಧಿಕಾರಿಗಳು, ವೈದ್ಯರು, ಯಜಮಾನನಿಗೆ ಸೇವಕರು, ಸೇವಕರಿಗೆ ಯಜಮಾನನು, ಮಕ್ಕಳಿಗೆ ತಂದೆತಾಯಿಗಳು, ಅನಾಥರಿಗೆ ನೆರೆಯವರು — ಇನ್ನೊಬ್ಬನ ಹೊಣೆ ಹೊತ್ತವರಾರೂ ಬಿಟ್ಟು ಹೋಗಕೂಡದು. ಹೊಣೆಯಿಲ್ಲದವನು, ತನ್ನ ಸ್ಥಾನದಲ್ಲಿ ಬೇರೆಯವರಿದ್ದರೆ, ಹೋಗಬಹುದು. ಪ್ರಾಣ ಉಳಿಸಿಕೊಳ್ಳುವುದು ಪಾಪವಲ್ಲ. ಇನ್ನು ಔಷಧವನ್ನು ತಿರಸ್ಕರಿಸಿ, ರೋಗವಿದ್ದಲ್ಲಿಗೆ ನುಗ್ಗಿ, ‘ದೇವರು ಕಾಯುತ್ತಾನೆ’ ಎನ್ನುವವರನ್ನು ಅವನು ಕಟುವಾಗಿ ಖಂಡಿಸುತ್ತಾನೆ. ಅದು ದೇವರನ್ನು ಪರೀಕ್ಷಿಸಿದಂತೆ ಎನ್ನುತ್ತಾನೆ. ತಾನು ಮನೆಗೆ ಧೂಪ ಹಾಕಿ ಗಾಳಿ ಶುದ್ಧ ಮಾಡುವೆನೆಂದೂ, ಔಷಧ ಸೇವಿಸುವೆನೆಂದೂ, ತನ್ನ ಅವಶ್ಯಕತೆಯಿಲ್ಲದ ಕಡೆಗೆ ಹೋಗಿ ಸೋಂಕು ತಗುಲಿಸಿಕೊಂಡು ಇತರರಿಗೂ ತಗುಲಿಸಲಾರೆನೆಂದೂ, ಆದರೆ ನೆರೆಯವನಿಗೆ ತನ್ನ ಅವಶ್ಯಕತೆ ಬಿದ್ದರೆ ಹಿಂಜರಿಯಲಾರೆನೆಂದೂ ಬರೆದಿದ್ದಾನೆ. ರೋಗಾಣುಗಳ ಕಲ್ಪನೆಯೇ ಇಲ್ಲದ ಕಾಲದಲ್ಲಿ, ಸುಮಾರು 500 ವರ್ಷಗಳ ಹಿಂದೆ ಬರೆದ ಮಾತಿದು. ಆ ವರ್ಷದ ಡಿಸೆಂಬರಿನಲ್ಲಿ ಕಾಥರೀನಾ ಹೆಣ್ಣುಮಗುವನ್ನು ಹೆತ್ತಳು. ಎಲಿಸಬೆತ್ ಎಂಬ ಆ ಕೂಸು ವರ್ಷ ತುಂಬುವ ಮೊದಲೇ, 1528ರ ಆಗಸ್ಟಿನಲ್ಲಿ ತೀರಿಕೊಂಡಿತು. ಲೂಥರನಿಗೂ ವಿನಾಯಿತಿ ದೊರೆಯಲಿಲ್ಲ.

ದೂರದ ಜರ್ಮನಿಯ ಮಾತು ಹಾಗಿರಲಿ. ನಾವು ದಿನಾಲು ಓಡಾಡುವ ಈ ನಗರದಲ್ಲಿಯೇ ಕಣ್ಣು ತೆರೆದು ನೋಡಿದರೆ ಸಾಕ್ಷಿಗಳಿವೆ. ಬಾಂದ್ರಾ, ಗಿರಗಾಂವ್, ಮಝಗಾಂವ್‌ಗಳ ಹಳೆಯ ಓಣಿಗಳ ತಿರುವಿನಲ್ಲಿ ಸುಣ್ಣ ಬಳಿದ ಕಲ್ಲಿನ ಶಿಲುಬೆಗಳನ್ನು ನೀವು ಕಂಡಿರಬಹುದು. ಯಾರೋ ಹಾಕಿದ ಚೆಂಡುಹೂವಿನ ಮಾಲೆ ಇರುತ್ತದೆ, ಒಂದು ಮೇಣದಬತ್ತಿ ಇರುತ್ತದೆ, ಪಕ್ಕದಲ್ಲಿ ಸ್ಕೂಟರು ನಿಲ್ಲಿಸಿರುತ್ತಾರೆ. ಅವುಗಳಲ್ಲಿ ಅನೇಕವು 1896ರಲ್ಲಿ ಪ್ರಾರಂಭವಾದ ಪ್ಲೇಗಿನ ವರ್ಷಗಳಲ್ಲಿ ಆಯಾ ಓಣಿಯವರು ಹರಕೆ ಹೊತ್ತು ನಿಲ್ಲಿಸಿದವು. ಸಂಜೆಯ ಹೊತ್ತು ಓಣಿಯ ಜನ ಅಲ್ಲಿ ಕೂಡಿ ಪ್ರಾರ್ಥನೆ ಮಾಡುತ್ತಿದ್ದರು. ನಮ್ಮ ಬೆಂಗಳೂರಿನಲ್ಲಿಯೂ 1898ರಲ್ಲಿ ಪ್ಲೇಗು ಬಂದ ಮೇಲೆ ಪ್ಲೇಗಿನ ಮಾರಮ್ಮನಿಗೆ ಗುಡಿಗಳೆದ್ದುವು. ಹಳ್ಳಿಗಳಲ್ಲಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕಥೆಯನ್ನು ನಮ್ಮ ಅಜ್ಜ ಅಜ್ಜಿಯರು ಹೇಳುತ್ತಿದ್ದರು. ಮನುಷ್ಯನ ಭಯಕ್ಕೆ ಮತಭೇದವಿಲ್ಲ.

ಆದರೆ ಮುಂಬಯಿಯ ಆ ಪ್ಲೇಗಿನಲ್ಲಿ ಶಿಲುಬೆಯ ಮುಂದೆ ಮೊಣಕಾಲೂರಿದವರಷ್ಟೇ ಇರಲಿಲ್ಲ. 1896ರ ಸಪ್ಟಂಬರಿನಲ್ಲಿ ಮಾಂಡವಿ ಬಂದರಿನ ಬಳಿಯ ರೋಗಿಗಳನ್ನು ನೋಡಿ ಇದು ಪ್ಲೇಗೇ ಎಂದು ಮೊದಲು ಗುರುತಿಸಿದವರು ಗೋವೆಯ ಕ್ರೈಸ್ತರಾದ ಡಾ. ಅಕಾಸಿಯೊ ಗೇಬ್ರಿಯಲ್ ವಿಯೇಗಸ್. ಧೋಬಿ ತಲಾವಿನಲ್ಲಿ ಅವರ ಪ್ರತಿಮೆಯಿದೆ. ಮೆಟ್ರೋ ಚಿತ್ರಮಂದಿರಕ್ಕೆ ಹೋಗುವವರು ಎಷ್ಟು ಮಂದಿ ಕತ್ತೆತ್ತಿ ನೋಡಿದ್ದಾರೋ ನಾನರಿಯೆ. ಪ್ಲೇಗಿನ ಲಸಿಕೆಯನ್ನು ಭಾಯಖಳಾದ ಗ್ರಾಂಟ್ ವೈದ್ಯಕೀಯ ಕಾಲೇಜಿನ ಒಂದು ಕೊಠಡಿಯಲ್ಲಿ ಸಿದ್ಧಪಡಿಸಿ, 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಕೊಂಡವನು ವಾಲ್ಡೆಮಾರ್ ಹಾಫ್ಕಿನ್ ಎಂಬ ಯೆಹೂದ್ಯ ವಿಜ್ಞಾನಿ. ಪುಣೆಯಲ್ಲಿ ಪ್ಲೇಗಿನ ರೋಗಿಗಳ ಸೇವೆಗಿಳಿದು, ಅದೇ ರೋಗದಿಂದ 1897ರ ಮಾರ್ಚ್ 10ರಂದು ಕಣ್ಮುಚ್ಚಿದವರು ಸಾವಿತ್ರಿಬಾಯಿ ಫುಲೆ. ಒಬ್ಬರು ಕ್ರೈಸ್ತರು, ಒಬ್ಬರು ಯೆಹೂದ್ಯರು, ಒಬ್ಬರು ಸತ್ಯಶೋಧಕ ಸಮಾಜದವರು. ದೇವರು ಆಗ ಎಲ್ಲಿದ್ದನು ಎಂದು ಯಾರಾದರೂ ನನ್ನನ್ನು ಕೇಳಿದರೆ, ಮಾಂಡವಿಯ ಕತ್ತಲೆಯ ಚಾಳಿನ ಮೆಟ್ಟಿಲು ಹತ್ತುತ್ತಿದ್ದ ಆ ವೈದ್ಯರ ಕಡೆಗೆ ಬೆರಳು ತೋರಿಸುತ್ತೇನೆ. ನಾನು ರೋಗಿಯಾಗಿದ್ದಾಗ ನನ್ನನ್ನು ನೋಡಲು ಬಂದಿರಿ ಎಂದು ಅಂತ್ಯನ್ಯಾಯದ ದಿನ ರಾಜನು ಹೇಳುವನೆಂಬ ಅರ್ಥದ ಪ್ರಸಂಗ ಮತ್ತಾಯನ 25ನೆಯ ಅಧ್ಯಾಯದಲ್ಲಿದೆ. ಬಂದವರ ಮತ ಯಾವುದೆಂದು ಆ ರಾಜನು ವಿಚಾರಿಸುವುದಿಲ್ಲ.

ಕನ್ನಡ ನಾಡಿನ ಆಸ್ಪತ್ರೆಗಳ ಕಥೆಯೂ ಇದೇ ಬೇರಿನದು. 1878ರ ಕೊನೆಗೆ ಮಂಗಳೂರಿಗೆ ಬಂದ ಜರ್ಮನ್ ಜೆಸುಯಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ಸಣ್ಣದೊಂದು ಹೋಮಿಯೋಪಥಿ ಔಷಧಾಲಯ ತೆರೆದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ, 1902ರಲ್ಲಿ ಪ್ಲೇಗಿನವರಿಗೆ ಬೇರೆಯೇ ಆಸ್ಪತ್ರೆ ಹುಟ್ಟಿಕೊಂಡುವು. ಬೆಳಗಾವಿ, ವಿಜಾಪುರಗಳ ಕಡೆಯ ವಾಚಕರಿಗೆ ಮಿರಜದ ವಾನ್ಲೆಸ್ ಆಸ್ಪತ್ರೆಯ ಪರಿಚಯ ಮಾಡಿಕೊಡಬೇಕಾಗಿಲ್ಲ; ‘ಮಿರಜಕ್ಕ ಒಯ್ರಿ’ ಎಂಬುದು ನಮ್ಮ ಕಡೆಯಲ್ಲಿ ಕೊನೆಯ ಆಸರೆಯ ಮಾತಾಗಿತ್ತು. ಕ್ಷಯವೆಂದರೆ ಸಾವೆಂದೇ ತಿಳಿದಿದ್ದ ಕಾಲದಲ್ಲಿ ಮದನಪಲ್ಲಿಯ ಆರೋಗ್ಯವರಂ ಸ್ಯಾನಟೋರಿಯಮ್ಮಿನ ಹೆಸರನ್ನು ದಕ್ಷಿಣದವರೆಲ್ಲ ಬಲ್ಲರು. ಇವೆಲ್ಲವೂ ಮತಾಂತರದ ಉಪಾಯಗಳೆಂದು ಟೀಕಿಸುವವರಿದ್ದಾರೆ. ಆ ಕಾಲದ ಮಿಶನರಿಗಳಲ್ಲಿ ಹಲವರಿಗೆ ಆ ಉದ್ದೇಶವೂ ಇದ್ದಿತೆಂಬುದನ್ನು ಮರೆಮಾಚುವುದು ಪ್ರಾಮಾಣಿಕವಲ್ಲ. ಆದರೆ ಪ್ಲೇಗಿನ ಗಡ್ಡೆಯನ್ನು ಕೈಯಿಂದ ಮುಟ್ಟಿ ತೊಳೆದವನ ಉದ್ದೇಶವನ್ನು, ದೂರ ನಿಂತು ನೋಡಿದವರು ತೂಗುವಾಗ ತಕ್ಕಡಿಯನ್ನು ಸ್ವಲ್ಪ ಮೆಲ್ಲಗೆ ಹಿಡಿಯಬೇಕು.

ಇಷ್ಟಾದರೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಇದೆಲ್ಲ ಏಕೆ ಬಂದಿತು? ಯಾರ ಪಾಪದ ಫಲ? ಹುಟ್ಟುಕುರುಡನೊಬ್ಬನನ್ನು ತೋರಿಸಿ ಶಿಷ್ಯರು ಇದೇ ಪ್ರಶ್ನೆಯನ್ನು ಕೇಳಿದ್ದರು. ಯೇಸುವು ಅವನ ಪಾಪವೂ ಅಲ್ಲ, ಹೆತ್ತವರ ಪಾಪವೂ ಅಲ್ಲವೆಂದನು. ಸಿಲೋವದ ಗೋಪುರ ಬಿದ್ದು ಸತ್ತ ಹದಿನೆಂಟು ಮಂದಿ ಉಳಿದವರಿಗಿಂತ ಹೆಚ್ಚಿನ ಪಾಪಿಗಳಾಗಿರಲಿಲ್ಲವೆಂದೂ ಹೇಳಿದನು. ಕರ್ಮವನ್ನು ಎಣಿಸುವ ಅಭ್ಯಾಸ ನಮ್ಮ ದೇಶದಲ್ಲಿ ಎಲ್ಲ ಮತದವರಿಗೂ ಇದೆ, ಕ್ರೈಸ್ತರಿಗೂ ಇದೆ. ಯೋಬನ ಸ್ನೇಹಿತರು ಮೊದಲ ಏಳು ದಿನ ಅವನ ಜೊತೆಗೆ ನೆಲದ ಮೇಲೆ ಸುಮ್ಮನೆ ಕುಳಿತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದು ಕಾರಣ ಹೇಳತೊಡಗಿದ ಕೂಡಲೇ ಕೆಟ್ಟರು.

2020ರ ಏಪ್ರಿಲ್ 10 ಶುಭ ಶುಕ್ರವಾರ, 12 ಪುನರುತ್ಥಾನದ ಭಾನುವಾರ. ಆ ವರ್ಷ ದೇಶದ ಚರ್ಚುಗಳೆಲ್ಲ ಮುಚ್ಚಿದ್ದುವು. ಅದಕ್ಕೆ ಎರಡು ವಾರ ಮೊದಲು, ಮಾರ್ಚ್ 27ರ ಸಂಜೆ, ಪೋಪ್ ಫ್ರಾನ್ಸಿಸ್ ಮಳೆಯಲ್ಲಿ ನೆನೆದ ಬರಿದಾದ ಸಂತ ಪೇತ್ರನ ಚೌಕದಲ್ಲಿ ಒಬ್ಬರೇ ನಿಂತು ಪ್ರಾರ್ಥಿಸಿದ ದೃಶ್ಯವನ್ನು ಅನೇಕರು ದೂರದರ್ಶನದಲ್ಲಿ ಕಂಡಿರಬೇಕು. ಅವರ ಪಕ್ಕದಲ್ಲಿದ್ದ ಮರದ ಶಿಲುಬೆಯನ್ನು 1522ರ ಪ್ಲೇಗಿನಲ್ಲಿ ರೋಮಿನ ಬೀದಿಗಳಲ್ಲಿ ಹೊತ್ತಿದ್ದರು. ಚರ್ಚು ಮುಚ್ಚಿದ್ದೇ ಅವಿಶ್ವಾಸವೆಂದು ಕೋಪಿಸಿಕೊಂಡವರು ನಮ್ಮಲ್ಲಿಯೂ ಇದ್ದರು. ಅವರಿಗೆ ಮಿಲಾನಿನ ಎರಡು ಪ್ರಸಂಗಗಳನ್ನು ಜ್ಞಾಪಿಸಬೇಕು. 1576ರ ಪ್ಲೇಗಿನಲ್ಲಿ ಜನ ಮನೆಯೊಳಗೇ ಇರಬೇಕಾದಾಗ ಆರ್ಚ್‌ಬಿಷಪ್ ಚಾರ್ಲ್ಸ್ ಬೊರೊಮಿಯೊ ಬೀದಿಗಳ ಕೂಡುದಾರಿಯಲ್ಲಿ ಪೀಠಗಳನ್ನು ಕಟ್ಟಿಸಿ, ಜನ ಕಿಟಕಿಯಿಂದಲೇ ಬಲಿಪೂಜೆಯನ್ನು ನೋಡುವಂತೆ ಮಾಡಿದರು. 1630ರಲ್ಲಿ ಅದೇ ನಗರದಲ್ಲಿ, ಅದೇ ಚಾರ್ಲ್ಸರ ದೇಹಾವಶೇಷವನ್ನು ಹೊತ್ತು ದೊಡ್ಡ ಮೆರವಣಿಗೆ ತೆಗೆದರು, ಜನ ಕಿಕ್ಕಿರಿದರು, ಆಮೇಲೆ ರೋಗ ಮತ್ತಷ್ಟು ಉಲ್ಬಣಿಸಿತು. ಭಕ್ತಿ ಎರಡರಲ್ಲಿಯೂ ಇತ್ತು.

ಆ ಭಾನುವಾರ ನಮ್ಮ ಮನೆಯಲ್ಲಿ ಯೋಹಾನನ ಸುವಾರ್ತೆಯ 20ನೆಯ ಅಧ್ಯಾಯವನ್ನು ಓದಿದೆವು. ಮೊದಲನೆಯ ಪುನರುತ್ಥಾನದ ಹಬ್ಬವೂ ಹೀಗೆಯೇ ಆಯಿತಲ್ಲವೆ ಎಂದು ಆಗ ಹೊಳೆಯಿತು. ಅಂದು ಸಂಜೆ ಶಿಷ್ಯರು ಭಯದಿಂದ ಬಾಗಿಲು ಮುಚ್ಚಿಕೊಂಡು ಒಳಗೆ ಕುಳಿತಿದ್ದರು. ಗಾಯನವಿರಲಿಲ್ಲ, ಘಂಟೆಯಿರಲಿಲ್ಲ. ಮುಚ್ಚಿದ ಬಾಗಿಲಿನ ಒಳಗೇ ಅವನು ಬಂದು ನಿಂತನು. ಬಂದವನು ಮೊದಲು ತೋರಿಸಿದ್ದು ತನ್ನ ಗಾಯದ ಗುರುತುಗಳನ್ನು. ಮರಣವನ್ನು ಗೆದ್ದ ದೇಹದಲ್ಲಿಯೂ ಮೊಳೆಯ ಗುರುತು ಅಳಿಯಲಿಲ್ಲವೆಂಬುದು ಕ್ರೈಸ್ತ ಮತದ ಬಹು ವಿಚಿತ್ರವಾದ, ಬಹು ಸಮಾಧಾನಕರವಾದ ಮಾತು. ಎಲ್ಲ ಮರೆತುಬಿಡಿ, ಮುಂದೆ ಸಾಗಿರಿ ಎಂದು ಈಗ ಎಲ್ಲರೂ ಹೇಳುತ್ತಾರೆ. ಆಮ್ಲಜನಕದ ಸಿಲಿಂಡರಿಗಾಗಿ 2021ರ ಏಪ್ರಿಲಿನಲ್ಲಿ ಅಲೆದ ಮಗನು ಹೇಗೆ ಮರೆಯಬೇಕು? ನಿರೀಕ್ಷೆಯುಳ್ಳವನು ಮರೆಯಬೇಕಾಗಿಲ್ಲವೆಂಬುದೇ ಈ ಗಾಯದ ಗುರುತಿನ ಅರ್ಥವೆಂದು ನಾನು ತಿಳಿದಿದ್ದೇನೆ.

ನಮ್ಮ ವಲಸಿಗರ ಪಾಲಿಗೆ ಬಂದ ಗಾಯವೊಂದು ಬೇರೆಯೇ ಇದೆ. 2020ರ ಮೇ ತಿಂಗಳಿನಲ್ಲಿ ಮುಂಬಯಿಯಿಂದ ಊರಿಗೆ ಹೊರಟವರನ್ನು ಉಡುಪಿ, ಮಂಡ್ಯ, ಕಲಬುರಗಿಗಳಲ್ಲಿ ಹೇಗೆ ನೋಡಿದರೆಂಬುದು ಈ ಸಂಘದ ಅನೇಕ ಸದಸ್ಯರಿಗೆ ಗೊತ್ತು. ಮಹಾರಾಷ್ಟ್ರದಿಂದ ಬರುವವರಿಗೆ ಕರ್ನಾಟಕ ಸರಕಾರ ಕೆಲ ಕಾಲ ತಡೆಯನ್ನೇ ಹಾಕಿತು. ಹೋಟೆಲು ಮುಚ್ಚಿ, ಕೈಯಲ್ಲಿ ಕಾಸಿಲ್ಲದೆ ಹೊರಟವರನ್ನು ‘ಮುಂಬಯಿಯವರು’ ಎಂದು ಸ್ವಂತ ಊರಿನವರೇ ದೂರವಿಟ್ಟರು. ಜಾತ್ರೆಗೆ, ಜೀರ್ಣೋದ್ಧಾರಕ್ಕೆ, ಶಾಲೆಯ ಕಟ್ಟಡಕ್ಕೆ ಹಣ ಕಳುಹಿಸುತ್ತಿದ್ದಾಗ ನಾವು ಆ ಊರಿನವರೇ ಆಗಿದ್ದೆವು. ಚೆನ್ನೈಯಲ್ಲಿ ಅದೇ ವರ್ಷ ಏಪ್ರಿಲಿನಲ್ಲಿ ಕೋವಿಡ್‌ನಿಂದ ತೀರಿಕೊಂಡ ಕ್ರೈಸ್ತ ನರಶಸ್ತ್ರವೈದ್ಯರೊಬ್ಬರ ಶವವನ್ನು ಹೂಳಲು ಬಿಡದೆ ಜನ ಕಲ್ಲು ದೊಣ್ಣೆಗಳಿಂದ ಹೊಡೆದರು. ಅವರ ಸಹೋದ್ಯೋಗಿ ವೈದ್ಯರೊಬ್ಬರು ನಡುರಾತ್ರಿ ತಾವೇ ಸನಿಕೆ ಹಿಡಿದು ಮಣ್ಣು ಮಾಡಿದರು. ಅವರನ್ನು ಅವರು ಬಯಸಿದ್ದ ಸ್ಮಶಾನಕ್ಕೆ ಸಾಗಿಸಲು ಪತ್ನಿಯು ಉಚ್ಚ ನ್ಯಾಯಾಲಯದವರೆಗೆ ಹೋಗಿ 2021ರಲ್ಲಿ ಅನುಮತಿ ಪಡೆಯಬೇಕಾಯಿತು.

ಅಂತರ ಕಾಯುವುದು ಬೇರೆ, ಹೊರಗೆ ಹಾಕುವುದು ಬೇರೆ. ಲೂಥರನು ಕಾದ ಅಂತರವು ನೆರೆಯವನ ಮೇಲಿನ ಕರುಣೆಯಿಂದ ಹುಟ್ಟಿದ್ದು. ಮಾರ್ಕನ ಮೊದಲನೆಯ ಅಧ್ಯಾಯದಲ್ಲಿ ಕುಷ್ಠರೋಗಿಯೊಬ್ಬನು ಯೇಸುವಿನ ಬಳಿಗೆ ಬರುತ್ತಾನೆ. ಆ ಕಾಲದ ಶಾಸ್ತ್ರದಂತೆ ಅವನು ಊರ ಹೊರಗಿರಬೇಕಾದವನು. ಯೇಸುವು ಅವನನ್ನು ಗುಣಪಡಿಸಿ ಆಮೇಲೆ ಮುಟ್ಟುವುದಿಲ್ಲ. ಮೊದಲು ಮುಟ್ಟುತ್ತಾನೆ, ಗುಣವಾಗುವುದು ಆಮೇಲೆ.

ಕೋವಿಡ್ ಹೋದ ಮಾತ್ರಕ್ಕೆ ವ್ಯಾಧಿಯ ಕಾಲ ಹೋಯಿತೆಂದು ತಿಳಿಯಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2023ರಲ್ಲಿ ಜಗತ್ತಿನಲ್ಲಿ ಕ್ಷಯರೋಗಕ್ಕೆ ತುತ್ತಾದ ಒಂದು ಕೋಟಿ ಎಂಟು ಲಕ್ಷ ಜನರಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಮಂದಿ ಭಾರತದವರು. ಗಾಳಿ ಬೆಳಕಿಲ್ಲದ ಕೋಣೆಗಳಲ್ಲಿ ಆರೆಂಟು ಮಂದಿ ಒಟ್ಟಿಗೆ ಮಲಗುವ ನಮ್ಮ ಹೋಟೆಲು ಕೆಲಸದ ಹುಡುಗರು ಇದಕ್ಕೆ ಸುಲಭದ ತುತ್ತು. ಅಂಥ ಹುಡುಗನೊಬ್ಬನನ್ನು ನಾನು ಬಲ್ಲೆ. ಕರಾವಳಿಯ ಕಡೆಯವನು. ಎರಡು ತಿಂಗಳು ಮಾತ್ರೆ ನುಂಗಿದ ಮೇಲೆ ಕೆಮ್ಮು ನಿಂತಿತು, ಮೈ ತುಂಬಿಕೊಂಡಿತು. ಉಪನಗರದ ಬಾಡಿಗೆ ಸಭಾಂಗಣವೊಂದರಲ್ಲಿ ನಡೆಯುತ್ತಿದ್ದ ಸ್ವಸ್ಥತಾ ಕೂಟಕ್ಕೆ ಯಾರೋ ಕರೆದುಕೊಂಡು ಹೋದರು. ಗುಣವಾಯಿತೆಂದು ನಂಬಿದವನು ಇನ್ನೂ ಮಾತ್ರೆ ನುಂಗುವುದು ಅವಿಶ್ವಾಸವೆಂದು ಅಲ್ಲಿಯ ಬೋಧಕನು ಹೇಳಿದನು. ಹುಡುಗ ಮಾತ್ರೆ ಬಿಟ್ಟ. ಐದು ತಿಂಗಳಿಗೆ ರಕ್ತ ಕಾರಿದ. ಸಾಮಾನ್ಯ ಕ್ಷಯಕ್ಕೂ ಆರು ತಿಂಗಳು ಬಿಡದೆ ಔಷಧ ತೆಗೆದುಕೊಳ್ಳಬೇಕು. ನಡುವೆ ಬಿಟ್ಟರೆ ಉಳಿದ ರೋಗಾಣುಗಳು ಔಷಧಕ್ಕೆ ಬಗ್ಗದ ಜಾತಿಯಾಗಿ ಬೆಳೆಯಬಹುದು, ಅದೇ ಕೋಣೆಯ ಇತರರಿಗೂ ಹರಡಬಹುದು. ಈ ಸಂಗತಿಯನ್ನು ಪ್ರತಿಯೊಬ್ಬ ಸಭಾಪಾಲಕರೂ ವೇದಿಕೆಯಿಂದ ಹೇಳಬೇಕು. ರೋಗಿಗಾಗಿ ಪ್ರಾರ್ಥಿಸುವುದಾದರೆ ಅವನ ಮಾತ್ರೆಯ ಡಬ್ಬಿಯನ್ನೂ ತರಿಸಿ ಮುಂದಿಟ್ಟುಕೊಂಡು ಪ್ರಾರ್ಥಿಸಲಿ. ಗುಣವಾಯಿತೆಂದು ಘೋಷಿಸುವ ಹಕ್ಕು ವೈದ್ಯರ ಪರೀಕ್ಷೆಗಿರಲಿ. ಯೇಸುವು ಸಹ ಆ ಕುಷ್ಠರೋಗಿಯನ್ನು ಅಂದಿನ ಪದ್ಧತಿಯಂತೆ ಯಾಜಕನಿಗೆ ತೋರಿಸಿಕೊಳ್ಳಲು ಕಳುಹಿಸಿದನೆಂಬುದು ಈ ಬೋಧಕರಿಗೆ ನೆನಪಿರಬೇಕಿತ್ತು.

ಆ ಹುಡುಗ ಈಗ ಸರಕಾರಿ ಔಷಧವನ್ನು ಮತ್ತೆ ಪ್ರಾರಂಭಿಸಿದ್ದಾನೆ. ವಾರಕ್ಕೊಮ್ಮೆ ಅವನ ಕೋಣೆಗೆ ಹೋಗಿ ಮಾತ್ರೆಯ ಪಟ್ಟಿಯನ್ನು ಎಣಿಸಿ ಬರುವವರು ನಮ್ಮ ಸಂಘದ ಇಬ್ಬರು ಸದಸ್ಯರು, ಅವರು ಕ್ರೈಸ್ತರಲ್ಲ.

ಇದನ್ನು ಕಂಡ ಮೇಲೆ ಕಾರ್ಯಕಾರಿ ಸಮಿತಿಯ ಮುಂದೆ ಒಂದು ಸೂಚನೆಯನ್ನು ಇಡಬೇಕೆನಿಸಿದೆ. ಈ ನಗರದಲ್ಲಿ ಕನ್ನಡದಲ್ಲಿ ಆರಾಧನೆ ನಡೆಸುವ ಸಭೆಗಳಿವೆ, ಭಜನಾ ಮಂಡಳಿಗಳಿವೆ, ಜಾತಿಗೊಂದು ಸಂಘವಿದೆ. ರೋಗ ಬಂದಾಗ ಪ್ರತಿಯೊಂದೂ ತನ್ನವರನ್ನು ಮಾತ್ರ ಹುಡುಕಿತು. ಯಾವ ಪಟ್ಟಿಯಲ್ಲಿಯೂ ಇಲ್ಲದವರು ಉಳಿದುಹೋದರು. ಮಕ್ಕಳು ಹೊರದೇಶದಲ್ಲಿದ್ದು ಡೊಂಬಿವಿಲಿಯಲ್ಲೋ ವಸಯಿಯಲ್ಲೋ ಒಬ್ಬರೇ ಇರುವ ವೃದ್ಧರ, ಹೋಟೆಲು ಕೋಣೆಗಳಲ್ಲಿರುವ ಹುಡುಗರ, ದೀರ್ಘಕಾಲದ ಔಷಧ ಸೇವಿಸುತ್ತಿರುವವರ ಪಟ್ಟಿಯೊಂದನ್ನು ವಾರ್ಡುವಾರಾಗಿ ಈಗಲೇ ತಯಾರಿಸಬೇಕು. ಪ್ರತಿ ಹೆಸರಿನ ಎದುರಿಗೆ, ಕರೆದರೆ ಅರ್ಧ ಗಂಟೆಯೊಳಗೆ ಹೋಗಬಲ್ಲ ಇಬ್ಬರ ಹೆಸರಿರಬೇಕು. ಅವರು ಯಾವ ಮತದವರಾದರೂ ಸರಿಯೆ. ನಮ್ಮ ಸಭೆಯಿಂದ ಹನ್ನೊಂದು ಮಂದಿ ಹೆಸರು ಕೊಟ್ಟಿದ್ದಾರೆ. ಉಳಿದವರು ಮುಂದಿನ ಮಾಸಿಕ ಸಭೆಯೊಳಗಾಗಿ ಕಾರ್ಯದರ್ಶಿಗಳಿಗೆ ತಿಳಿಸಬಹುದು.